ಮನೆಯ ಪೂರ್ಣ ಲೆಕ್ಕ

ಮನೆ ಕಟ್ಟುವುದೆಂದರೆ ಒಂದು ಕುಟುಂಬದ ಅರ್ಧ ಆಯುಷ್ಯದ ದುಡಿಮೆ. ನಾಗಮಂಗಲ ತಾಲ್ಲೂಕಿನ ಹೊಣಕೆರೆಯ ಸುತ್ತಲಿನ ಹಳ್ಳಿಗಳಲ್ಲಾಗಲಿ ಪಟ್ಟಣದಲ್ಲಾಗಲಿ, ಹಿರಿಯರ ಮಣ್ಣುಗೋಡೆ, ನಾಡಹೆಂಚಿನ ಮನೆಯನ್ನು ಕೆಡವಿ ತಾರಸಿ ಮನೆ ಕಟ್ಟಲು ಹೊರಟಾಗ ನಾವು ಸಿಮೆಂಟು, ಕಬ್ಬಿಣ, ಕೂಲಿಗಳ ಲೆಕ್ಕ ಬರೆಯುತ್ತೇವೆ. ಆದರೆ ಇಟ್ಟಿಗೆಗೂಡಿನಲ್ಲಿ ಉರಿದ ಸೌದೆ, ಲಾರಿಯ ಡೀಸೆಲ್, ಮುಂದೆ ಹಲವು ದಶಕ ತಿರುಗುವ ಫ್ಯಾನಿನ ವಿದ್ಯುತ್ತು, ಕೊನೆಗೆ ಕೆಡವಿದಾಗ ಉಳಿಯುವ ಕಲ್ಲುಮಣ್ಣಿನ ರಾಶಿ, ಇವು ಆ ಪಟ್ಟಿಯಲ್ಲಿ ಇರುವುದಿಲ್ಲ. ಇವೆಲ್ಲವನ್ನೂ ಕೂಡಿಸಿ ಅಳೆಯುವ ಕ್ರಮವೇ ಜೀವನಚಕ್ರ ಮೌಲ್ಯಮಾಪನ. 1997ರಲ್ಲಿ ಅದಕ್ಕೆ ಐಎಸ್‌ಒ 14040 ಎಂಬ ಅಂತರರಾಷ್ಟ್ರೀಯ ಮಾನಕವೂ ದೊರೆಯಿತು.

ಈ ಲೆಕ್ಕದ ಒಂದು ಮುಖ್ಯ ಭಾಗವನ್ನು ನಮ್ಮ ನಾಡಿನ ವಿಜ್ಞಾನಿಗಳೇ ಮಾಡಿದ್ದಾರೆ. ಗ್ರಾಮಗಳಿಗೆ ಒದಗುವ ತಂತ್ರಜ್ಞಾನಕ್ಕಾಗಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ‘ಅಸ್ತ್ರ’ ಆರಂಭವಾಯಿತು. ಆ ಸಂಸ್ಥೆಯ ಬಿ. ವಿ. ವೆಂಕಟರಾಮ ರೆಡ್ಡಿ ಹಾಗೂ ಕೆ. ಎಸ್. ಜಗದೀಶ್ ಅವರು 2003ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಸುಟ್ಟ ಇಟ್ಟಿಗೆಯ ಗೋಡೆ ಹಾಗೂ ಕಾಂಕ್ರೀಟ್ ತಾರಸಿಯ ಎರಡಂತಸ್ತಿನ ಕಟ್ಟಡದ ಸಾಮಗ್ರಿಗೆ ಚದರ ಮೀಟರಿಗೆ 2.92 ಗಿಗಾಜೂಲ್ ಶಕ್ತಿ ವೆಚ್ಚವಾಗುತ್ತದೆ. ಅಲ್ಪ ಸಿಮೆಂಟು ಬೆರೆಸಿ ಯಂತ್ರದಲ್ಲಿ ಒತ್ತಿದ ಮಣ್ಣಿನ ಇಟ್ಟಿಗೆಗಳನ್ನೂ, ನಡುನಡುವೆ ಹಗುರ ಸಾಮಗ್ರಿ ತುಂಬಿ ಕಾಂಕ್ರೀಟನ್ನು ಉಳಿಸುವ ತಾರಸಿಯನ್ನೂ ಬಳಸಿದರೆ ಅದು 1.61ಕ್ಕೆ ಇಳಿಯುತ್ತದೆ. ಅಂದರೆ ಸುಮಾರು ಅರ್ಧದಷ್ಟು ಉಳಿತಾಯ. ಈ ಇಟ್ಟಿಗೆಯನ್ನು ಸುಡಬೇಕಾಗಿಲ್ಲ. ನೀರುಣಿಸಿ ಹದಗೊಳಿಸಿದರೆ ಸಾಕು.

ಇಂತಹ ಜಾಣತನವನ್ನು ಪರಿಶೀಲಿಸಿ ಗುರುತಿಸುವುದಕ್ಕೆ ಪ್ರಮಾಣಪತ್ರಗಳಿವೆ. ಭಾರತೀಯ ಹಸಿರು ಕಟ್ಟಡ ಮಂಡಳಿ 2001ರಲ್ಲಿ ಸ್ಥಾಪನೆಯಾಯಿತು. ದೇಶೀಯ ಮಾನಕವಾದ ‘ಗೃಹ’ ಪದ್ಧತಿಯು ಕಟ್ಟಡಗಳಿಗೆ ಐದರವರೆಗೆ ನಕ್ಷತ್ರಗಳನ್ನು ನೀಡುತ್ತದೆ; ಚಿಕ್ಕ ಕಟ್ಟಡಗಳಿಗೆ ‘ಸ್ವಗೃಹ’ ಎಂಬುದೂ ಇದೆ. ಆದರೆ ಗೋಡೆಗೆ ತೂಗುಹಾಕಿದ ಪತ್ರದಿಂದ ಮನೆ ತಂಪಾಗದು. ಗಾಳಿಬೆಳಕಿಗೆ ಬೆನ್ನು ಮಾಡಿದ ಮನೆಯು ಸಾಮಗ್ರಿಯಲ್ಲಿ ಉಳಿಸಿದ್ದನ್ನು ವಿದ್ಯುತ್ ಬಿಲ್ಲಿನಲ್ಲಿ ಕಳೆಯಬಹುದು. ಆದ್ದರಿಂದಲೇ ಲೆಕ್ಕ ಆದಿಯಿಂದ ಅಂತ್ಯದವರೆಗೆ ಇರಬೇಕು.

ಹಳೆಯ ಮನೆಗಳೆಲ್ಲವೂ ಉಳಿಯಲೇಬೇಕೆಂದು ನಾವು ಹೇಳುತ್ತಿಲ್ಲ. ಕುಸಿಯುವ ಸೂರಿನಡಿ ಮಕ್ಕಳನ್ನು ಮಲಗಿಸಲಾಗದು. ಆದರೆ ಹಾರೆ ಎತ್ತುವ ಮುನ್ನ ಮೇಸ್ತ್ರಿಯನ್ನೋ ಇಂಜಿನಿಯರರನ್ನೋ ಮೂರು ಮಾತು ಕೇಳೋಣ: ಈ ಗೋಡೆಯನ್ನು ದುರಸ್ತಿ ಮಾಡಿ ಉಳಿಸಬಹುದೇ? ಹಳೆಯ ತೊಲೆ, ಹೆಂಚು, ಕಲ್ಲುಗಳು ಮತ್ತೆ ಉಪಯೋಗಕ್ಕೆ ಬಂದಾವೇ? ನಮ್ಮ ಮಣ್ಣು ಒತ್ತಿದ ಇಟ್ಟಿಗೆಗೆ ಯೋಗ್ಯವೇ? ನಾವು ಕಟ್ಟುವ ಮನೆಯಲ್ಲಿ ಬಾಳುವವರು ನಮ್ಮ ಮೊಮ್ಮಕ್ಕಳು. ನಾವು ಬರೆಯದೆ ಬಿಟ್ಟ ಲೆಕ್ಕವನ್ನು ತೀರಿಸುವವರೂ ಅವರೇ.