ಸಂಶಯಕ್ಕೂ ಒಂದು ಶಿಸ್ತುಂಟು

ಕೆಲವು ವರ್ಷಗಳ ಹಿಂದಿನ ಮಾತು. ಹತ್ತನೇ ತರಗತಿಗೆ ಬೆಳಕಿನ ವಕ್ರೀಭವನದ ಪಾಠ ಮಾಡುತ್ತಿದ್ದೆ. ಗಾಜಿನ ಲೋಟದ ನೀರಿನಲ್ಲಿ ಪೆನ್ಸಿಲ್ ಇಳಿಬಿಟ್ಟು, "ನೋಡಿ, ಪೆನ್ಸಿಲ್ ಮುರಿದಂತೆ ಕಾಣುತ್ತದೆ, ಆದರೆ ಮುರಿದಿಲ್ಲ" ಎಂದೆ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತ. "ಸಾರ್, ಇಲ್ಲಿ ಕಣ್ಣು ಮೋಸ ಮಾಡ್ತು ಅಂದ್ರಿ. ಬೇರೆ ಕಡೆ ಮಾಡೋದಿಲ್ಲ ಅಂತ ಹೇಗೆ ಗೊತ್ತು?" ತರಗತಿಯೆಲ್ಲ ನಕ್ಕಿತು. ಪರೀಕ್ಷೆ ಹತ್ತಿರವಿತ್ತು, ಪಾಠಗಳು ಮುಗಿದಿರಲಿಲ್ಲ. "ಅದು ಪರೀಕ್ಷೆಗೆ ಬರೋದಿಲ್ಲ, ಕೂತ್ಕೋ" ಎಂದುಬಿಟ್ಟೆ. ಆ ವರ್ಷ ಅವನು ಮತ್ತೆ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ.

ಅದು ಉಡಾಫೆಯ ಪ್ರಶ್ನೆಯಾಗಿರಲಿಲ್ಲ. ಫ್ರಾನ್ಸಿನ ರೆನೆ ಡೆಕಾರ್ಟ್ (1596–1650) ಇಂಥದೇ ಪ್ರಶ್ನೆಯ ಬೆನ್ನು ಹತ್ತಿ ಆಧುನಿಕ ತತ್ವಶಾಸ್ತ್ರಕ್ಕೆ ಅಡಿಪಾಯ ಹಾಕಿದ. ಇಂದ್ರಿಯಗಳಿಗಿಂತ ಬುದ್ಧಿಯೇ ಜ್ಞಾನಕ್ಕೆ ಆಧಾರ ಎಂದು ಅವನು ಹಿಡಿದ ದಾರಿಯಲ್ಲೇ ಮುಂದೆ ಸ್ಪಿನೋಜ, ಲೈಬ್ನಿಟ್ಸ್ ನಡೆದರು. ತಮಾಷೆಯೆಂದರೆ, ನಾನು ಅಂದು ಬೋಧಿಸುತ್ತಿದ್ದ ವಕ್ರೀಭವನದ ನಿಯಮವನ್ನು ಮೊದಲು ಅಚ್ಚು ಹಾಕಿಸಿದವನೂ ಈ ಡೆಕಾರ್ಟನೇ, 1637ರಲ್ಲಿ. ಗ್ರಾಫ್ ಹಾಳೆಯ ಮೇಲೆ ನೀವು ಎಳೆಯುವ ಎಕ್ಸ್, ವೈ ಅಕ್ಷಗಳ ಹಿಂದೆ ಇರುವುದೂ ಅವನ ಗಣಿತವೇ.

ಬುಟ್ಟಿ ಬರಿದು ಮಾಡಿದವನು

ಡೆಕಾರ್ಟ್ ಓದಿದ್ದು ಲಾ ಫ್ಲೆಶ್ ಎಂಬಲ್ಲಿನ ಹೆಸರಾಂತ ಜೆಸ್ವಿಟ್ ಶಾಲೆಯಲ್ಲಿ. ಓದು ಮುಗಿಸಿ ನೋಡಿದರೆ, ಗಣಿತವೊಂದನ್ನು ಬಿಟ್ಟು ಕಲಿತದ್ದಾವುದೂ ಅವನಿಗೆ ಗಟ್ಟಿಯಾಗಿ ಕಾಣಲಿಲ್ಲ. ಪಂಡಿತರು ಒಂದೊಂದು ವಿಷಯಕ್ಕೂ ಹಲವು ಅಭಿಪ್ರಾಯ ಹೇಳುತ್ತಿದ್ದರು. ಏನು ಮಾಡುವುದು? ಅದಕ್ಕೆ ಅವನೇ ಒಂದು ಹೋಲಿಕೆ ಕೊಟ್ಟಿದ್ದಾನೆ. ಬುಟ್ಟಿಯಲ್ಲಿ ಕೆಲವು ಸೇಬು ಕೊಳೆತಿವೆ ಎಂಬ ಅನುಮಾನ ಬಂದರೆ ಇಡೀ ಬುಟ್ಟಿಯನ್ನು ಸುರಿಯಬೇಕು. ಒಂದೊಂದನ್ನೂ ಪರೀಕ್ಷಿಸಿ, ಒಳ್ಳೆಯದನ್ನು ಮಾತ್ರ ಮತ್ತೆ ತುಂಬಬೇಕು. 1641ರಲ್ಲಿ ಲ್ಯಾಟಿನ್‌ನಲ್ಲಿ ಪ್ರಕಟವಾದ ‘ಮೆಡಿಟೇಷನ್ಸ್’ ಗ್ರಂಥದಲ್ಲಿ ಅವನು ಮಾಡಿದ್ದು ಈ ಕೆಲಸವನ್ನೇ.

ಮೊದಲು ಇಂದ್ರಿಯಗಳ ಸರದಿ. ದೂರದಿಂದ ದುಂಡಗೆ ಕಂಡ ಗೋಪುರ ಹತ್ತಿರ ಹೋದರೆ ಚೌಕಾಕಾರವಾಗಿರುತ್ತದೆ. ಹಾಗಿದ್ದರೂ, ನಾನು ಇಲ್ಲಿ ಬೆಂಕಿಯ ಪಕ್ಕ ಕುಳಿತಿದ್ದೇನೆ ಎಂಬುದಾದರೂ ನಿಜವಲ್ಲವೇ? ಕನಸಿನಲ್ಲೂ ಹಾಗೆಯೇ ಅನ್ನಿಸುತ್ತದಲ್ಲ! ಸರಿ, ಎರಡಕ್ಕೆ ಮೂರು ಕೂಡಿದರೆ ಐದು ಎಂಬುದು ಕನಸಿನಲ್ಲೂ ನಿಜ. ಆದರೆ ಮಹಾ ಮೋಸಗಾರ ಶಕ್ತಿಯೊಂದಿದ್ದು, ನಾನು ಕೂಡುವಾಗಲೆಲ್ಲ ನನ್ನನ್ನು ತಪ್ಪಿಸುತ್ತಿದ್ದರೆ?

ಇಷ್ಟು ದೂರ ಹೋದ ಮೇಲೆ ಅವನ ಕಾಲಿಗೆ ನೆಲ ಸಿಕ್ಕಿತು. ಮೋಸ ಹೋಗುವುದಕ್ಕಾದರೂ ಒಬ್ಬನು ಇರಬೇಕು. ಎಲ್ಲವನ್ನೂ ಸಂಶಯಿಸಬಹುದು, ಆದರೆ ಸಂಶಯಿಸುತ್ತಿರುವಷ್ಟು ಹೊತ್ತು ಸಂಶಯಿಸುವ ನಾನು ಇಲ್ಲ ಎನ್ನುವಂತಿಲ್ಲ. ಈ ‘ನಾನು’ ಹೆಸರಲ್ಲ, ಮನೆತನವಲ್ಲ, ಅಂಕಪಟ್ಟಿಯಲ್ಲ. ದೇಹವೂ ಹೌದೆಂದು ಅವನು ಆಗಲೇ ಒಪ್ಪಲಿಲ್ಲ. ಯೋಚಿಸುವ, ಒಪ್ಪುವ, ಅಲ್ಲಗಳೆಯುವ ಒಂದು ಅರಿವು, ಅಷ್ಟೇ. ಅಲ್ಲಿಂದ ಮುಂದಕ್ಕೆ, ದೇವರು ಮೋಸಗಾರನಲ್ಲ, ಆದ್ದರಿಂದ ಬುದ್ಧಿಗೆ ಸ್ಪಷ್ಟವಾಗಿ, ನಿಚ್ಚಳವಾಗಿ ಹೊಳೆದದ್ದು ಸತ್ಯ ಎಂದು ವಾದ ಬೆಳೆಸಿದ.

ಇಲ್ಲಿ ಮೆಚ್ಚಬೇಕಾದ ಸಂಗತಿಯೊಂದಿದೆ. ಪುಸ್ತಕ ಅಚ್ಚಾಗುವ ಮೊದಲೇ ಹಸ್ತಪ್ರತಿಯನ್ನು ಹಲವು ವಿದ್ವಾಂಸರಿಗೆ ತಲುಪಿಸಿ, ಅವರ ಆಕ್ಷೇಪಗಳನ್ನೂ ತನ್ನ ಉತ್ತರಗಳನ್ನೂ ಅದೇ ಸಂಪುಟದಲ್ಲಿ ಅಚ್ಚು ಹಾಕಿಸಿದ. "ದೇವರನ್ನು ಸ್ಪಷ್ಟ ವಿಚಾರದಿಂದ ಸಾಧಿಸುತ್ತೀರಿ, ಸ್ಪಷ್ಟ ವಿಚಾರವನ್ನು ದೇವರಿಂದ ಸಾಧಿಸುತ್ತೀರಿ, ಇದು ಸುತ್ತು ಹೊಡೆದಂತಾಯಿತಲ್ಲ?" ಎಂಬುದು ಆಂಟ್ವಾನ್ ಆರ್ನೋ ಎತ್ತಿದ ಆಕ್ಷೇಪದ ಸಾರ. ಆ ಬಿಸಿ ಪ್ರಶ್ನೆ ಇಂದಿಗೂ ಆರಿಲ್ಲ.

ಗೋಲಿ ಕಲಿಸಿದ ಪಾಠ

ಹಾಗಾದರೆ ಒಳಗೆ ಖಚಿತವೆನಿಸಿದ್ದೆಲ್ಲ ಹೊರಗೂ ನಿಜವೇ? 1644ರಲ್ಲಿ ಪ್ರಕಟವಾದ ‘ತತ್ವಶಾಸ್ತ್ರದ ಮೂಲತತ್ವಗಳು’ ಗ್ರಂಥದಲ್ಲಿ ಡೆಕಾರ್ಟ್ ವಸ್ತುಗಳ ಡಿಕ್ಕಿಗೆ ಏಳು ನಿಯಮ ಬರೆದ. ಸುಮ್ಮನೆ ನಿಂತಿರುವ ದೊಡ್ಡ ವಸ್ತುವಿಗೆ ಚಿಕ್ಕ ವಸ್ತು ಎಷ್ಟೇ ವೇಗದಿಂದ ಬಡಿದರೂ ಅದನ್ನು ಕದಲಿಸಲಾರದು ಎಂಬುದು ಅವುಗಳಲ್ಲೊಂದು. ಮಕ್ಕಳೇ, ಮನೆಯ ನೆಲದ ಮೇಲೆ ದೊಡ್ಡ ಗೋಲಿಯೊಂದನ್ನಿಟ್ಟು ಚಿಕ್ಕ ಗೋಲಿಯಿಂದ ಹೊಡೆದು ನೋಡಿ. ದೊಡ್ಡದು ಕದಲುತ್ತದೆ! ಅನುಭವ ಬೇರೆ ಹೇಳಬಹುದೆಂದು ಡೆಕಾರ್ಟನಿಗೂ ಗೊತ್ತಿತ್ತು. ಸುತ್ತಲಿನ ವಸ್ತುಗಳ ಪ್ರಭಾವದಿಂದ ಹಾಗಾಗುತ್ತದೆಂದು ಸಮಾಧಾನ ಹೇಳಿದ. ಕೊನೆಗೆ ಈ ನಿಯಮಗಳನ್ನು ತಿದ್ದಿದವನು ಅವನ ಗೆಳೆಯನ ಮಗ ಕ್ರಿಸ್ಟಿಯಾನ್ ಹೈಗೆನ್ಸ್.

ಇದರಿಂದ ಡೆಕಾರ್ಟ್ ಸಣ್ಣವನಾಗುವುದಿಲ್ಲ. ‘ನಾನು ಇದ್ದೇನೆ’ ಎಂಬುದರ ಖಚಿತತೆಯೇ ಬೇರೆ, ‘ನನಗೆ ಗೊತ್ತು’ ಎಂಬುದರ ಖಚಿತತೆಯೇ ಬೇರೆ. ಮೊದಲನೆಯದಕ್ಕೆ ಕಣ್ಣು ಮುಚ್ಚಿ ಯೋಚಿಸಿದರೆ ಸಾಕು. ಎರಡನೆಯದಕ್ಕೆ ಕಣ್ಣು ತೆರೆದು ಪರೀಕ್ಷಿಸಬೇಕು, ಇನ್ನೊಬ್ಬರ ಆಕ್ಷೇಪ ಕೇಳಬೇಕು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಮನಸ್ಸಿಗೆ ಹೊಳೆದದ್ದಕ್ಕೂ ಆ ಮಾತು ಸಲ್ಲುತ್ತದೆ.

ತಂದೆ-ತಾಯಂದಿರಿಗೆ

ಎಲ್ಲವನ್ನೂ ಪ್ರಶ್ನಿಸು ಎಂದರೆ ಮಕ್ಕಳು ಮಾತು ಕೇಳದಂತಾಗುತ್ತಾರೆ ಎಂದು ಪೋಷಕರು ನನ್ನಲ್ಲಿ ಹೇಳುವುದುಂಟು. ಡೆಕಾರ್ಟನಿಗೂ ಈ ಯೋಚನೆ ಬಂದಿತ್ತು. ಹಳೆಯ ಮನೆ ಕೆಡವಿ ಹೊಸದು ಕಟ್ಟುವವರೆಗೆ ಇರಲು ಒಂದು ಸೂರು ಬೇಕಲ್ಲವೇ? ಅದಕ್ಕೆಂದೇ ಕೆಲವು ತಾತ್ಕಾಲಿಕ ನಿಯಮ ಮಾಡಿಕೊಂಡ: ದೇಶದ ಕಾನೂನು, ರೂಢಿಗಳಿಗೆ ತಕ್ಕಂತೆ ನಡೆಯುವುದು, ಒಮ್ಮೆ ನಿರ್ಧರಿಸಿದರೆ, ಕಾಡಿನಲ್ಲಿ ದಾರಿ ತಪ್ಪಿದವನು ಒಂದೇ ದಿಕ್ಕಿಗೆ ನಡೆಯುವಂತೆ, ಹೊಯ್ದಾಡದೆ ಸಾಗುವುದು. ಅವನ ಸಂಶಯ ಹುಡುಕಾಟದ ಕೆಲಸಕ್ಕೆ ಮೀಸಲು. ಕಾಲೆಳೆಯುವುದಕ್ಕಲ್ಲ, ಕೈಕಟ್ಟಿ ಕೂರುವುದಕ್ಕೂ ಅಲ್ಲ.

ನಿಮ್ಮ ಮಗ ಅಥವಾ ಮಗಳು ಇಂಥ ಪ್ರಶ್ನೆ ತಂದರೆ ಬಯ್ಯಬೇಡಿ. ಉತ್ತರ ಗೊತ್ತಿಲ್ಲದಿದ್ದರೂ ಅಡ್ಡಿಯಿಲ್ಲ, "ನಿನಗೆ ಏನನ್ನಿಸುತ್ತೆ? ಹೇಗೆ ಪರೀಕ್ಷೆ ಮಾಡೋಣ?" ಎಂದು ಕೇಳಿ. ಬಾಯಿಪಾಠ ಒಪ್ಪಿಸುವ ಮಗುವನ್ನೂ ಒಮ್ಮೆ "ಇದು ನಿಜ ಅಂತ ಹೇಗೆ ಗೊತ್ತು?" ಎಂದು ವಿಚಾರಿಸಿ. ಪುಸ್ತಕದಲ್ಲಿದೆ ಎಂಬ ಉತ್ತರ ಬಂದರೆ, ಕಲಿಯುವುದು ಇನ್ನೂ ಬಾಕಿಯಿದೆ ಎಂದರ್ಥ.

ಆ ಹುಡುಗನಿಗೆ ಕೊಡಬೇಕಾಗಿದ್ದ ಉತ್ತರ ಡೆಕಾರ್ಟನ ಅದೇ 1641ರ ಸಂಪುಟದಲ್ಲಿದೆ. ನೀರಿನಲ್ಲಿ ಮುಳುಗಿಸಿದ ಕೋಲನ್ನು ಕುರಿತು ಬರೆಯುತ್ತಾ ಅವನು ಹೇಳುವುದಿಷ್ಟು: ಕೋಲು ನೆಟ್ಟಗಿದೆ ಎಂದು ಕೈ ಹೇಳುತ್ತದೆ, ಬಾಗಿದೆ ಎಂದು ಕಣ್ಣು ಹೇಳುತ್ತದೆ, ಇಲ್ಲಿ ಕೈಯನ್ನು ನಂಬು ಎಂದು ತೀರ್ಪು ಕೊಡುವುದು ಬುದ್ಧಿ. ಈಗ ಪ್ರತಿವರ್ಷ ಆ ಪಾಠಕ್ಕೆ ಬಂದಾಗ ಪೆನ್ಸಿಲ್ಲನ್ನು ಲೋಟದಲ್ಲಿಟ್ಟು ನಾನೇ ಆ ಪ್ರಶ್ನೆ ಕೇಳುತ್ತೇನೆ, ಮಕ್ಕಳು ಉತ್ತರಿಸುವವರೆಗೆ ಕಾಯುತ್ತೇನೆ. ಮೊದಲು ಕೇಳಿದವನಿಗೆ ಮಾತ್ರ ಉತ್ತರ ತಲುಪಲಿಲ್ಲ. ಅವನು ಎಲ್ಲಾದರೂ ಈ ಲೇಖನ ಓದುತ್ತಿದ್ದರೆ, ಆ ದಿನ ಅವನು ಕೂರಬೇಕಾಗಿರಲಿಲ್ಲ ಎಂದು ತಿಳಿಯಲಿ.