ಒರೆಸಿ ಒರೆಸಿ ಮಾಸಿದ ಬಣ್ಣ

ನಿಮ್ಮ ಕಾರು ಕಪ್ಪೋ ಕಡುನೀಲಿಯೋ ಆಗಿದ್ದು, ಕೊಂಡು ಎರಡು ವರ್ಷ ದಾಟಿದ್ದರೆ, ರಾತ್ರಿ ಬೇಸ್‌ಮೆಂಟಿಗೆ ಇಳಿದು ಮೊಬೈಲ್ ಟಾರ್ಚನ್ನು ಬಾನೆಟ್ ಮೇಲೆ ಹಿಡಿದು ನೋಡಿ. ಬೆಳಕಿನ ಸುತ್ತ ಕೂದಲೆಳೆಯ ಗೀರುಗಳು ಸುತ್ತು ಸುತ್ತಾಗಿ ಕಾಣುತ್ತವೆ. ಟಾರ್ಚ್ ಸರಿಸಿದರೆ ಆ ಸುತ್ತೂ ಜೊತೆಗೇ ಸರಿಯುತ್ತದೆ. ಅಸಲಿಗೆ ಯಾವ ಗೀರೂ ದುಂಡಗಿಲ್ಲ. ಅಡ್ಡ, ಉದ್ದ, ಓರೆ ಎಂದು ಎಲ್ಲ ದಿಕ್ಕಿಗೂ ಬಿದ್ದಿರುತ್ತವೆ. ಬೆಳಕಿಗೆ ಎದುರಾಗಿ ಅಡ್ಡ ಬಿದ್ದವಷ್ಟೇ ಮಿನುಗುವುದರಿಂದ ಕಣ್ಣಿಗೆ ವೃತ್ತದಂತೆ ತೋರುತ್ತದೆ. ಡೀಟೇಲಿಂಗ್ ಅಂಗಡಿಯವರ ಭಾಷೆಯಲ್ಲಿ ಇದು ಸ್ವರ್ಲ್ ಮಾರ್ಕ್. ಬಿಳಿ ಕಾರಿನಲ್ಲೂ ಇರುತ್ತದೆ, ಆದರೆ ಕಣ್ಣಿಗೆ ಬೀಳುವುದಿಲ್ಲ.

ಇವುಗಳಲ್ಲಿ ಬಹುಪಾಲು ಬಿದ್ದದ್ದು ಬೆಳಿಗ್ಗೆ ಆರರಿಂದ ಏಳರ ನಡುವೆ, ಒರೆಸುವ ಬಟ್ಟೆಯಿಂದ. ನಮ್ಮ ಅಪಾರ್ಟ್‌ಮೆಂಟುಗಳಲ್ಲಿ ಹಾಲು, ಪೇಪರ್ ಬಂದಂತೆ ಕಾರು ಒರೆಸುವವರೂ ಬರುತ್ತಾರೆ. ಒಂದು ಬಕೆಟ್ ನೀರು, ಒಂದು ಬಟ್ಟೆ, ಸಾಲಾಗಿ ನಿಂತ ಹತ್ತಾರು ಕಾರು. ಮೂರನೇ ಕಾರಿಗೆ ಬರುವ ಹೊತ್ತಿಗೆ ಬಕೆಟಿನ ನೀರು ಕಾಫಿ ಬಣ್ಣಕ್ಕೆ ತಿರುಗಿರುತ್ತದೆ. ಆ ಬಣ್ಣ ರಸ್ತೆಯ ಧೂಳಿನದು. ಧೂಳಿನಲ್ಲಿರುವ ಮರಳೆಂದರೆ ಹೆಚ್ಚಾಗಿ ಬೆಣಚುಕಲ್ಲಿನ ಪುಡಿ. ಮಾಮೂಲಿ ಚಾಕುವಿನ ಉಕ್ಕಿಗೇ ಗೀರು ಹಾಕುವಷ್ಟು ಗಟ್ಟಿ. ಅದನ್ನು ಒದ್ದೆ ಬಟ್ಟೆಗೆ ಹತ್ತಿಸಿಕೊಂಡು ದಿನಾ ಬಾನೆಟ್ ಉಜ್ಜಿಸುವುದಕ್ಕೆ ನಾವು ತಿಂಗಳ ಸಂಬಳ ಕೊಡುತ್ತೇವೆ.

ಕಾರಿನ ಬಣ್ಣ ಎಷ್ಟು ತೆಳು ಎಂಬುದು ಗೊತ್ತಾದರೆ ಇದರ ಗಂಭೀರತೆ ತಿಳಿಯುತ್ತದೆ. ಉಕ್ಕಿನ ತಗಡಿನ ಮೇಲೆ ಮೊದಲು ಫಾಸ್ಫೇಟ್ ಲೇಪ. ಆಮೇಲೆ ಇಡೀ ಬಾಡಿಯನ್ನು ತೊಟ್ಟಿಯಲ್ಲಿ ಮುಳುಗಿಸಿ ವಿದ್ಯುತ್ ಹಾಯಿಸಿ ಕೂರಿಸುವ ಇ-ಕೋಟ್, ತುಕ್ಕು ತಡೆಯುವುದು ಮುಖ್ಯವಾಗಿ ಇದೇ. ನಂತರ ಪ್ರೈಮರ್, ಅದರ ಮೇಲೆ ನಾವು ಷೋರೂಮಿನಲ್ಲಿ ಆರಿಸಿಕೊಳ್ಳುವ ಬಣ್ಣ, ಕೊನೆಗೆ ಬಣ್ಣವೇ ಇಲ್ಲದ ಪಾರದರ್ಶಕ ಕ್ಲಿಯರ್ ಕೋಟ್. ಎಲ್ಲ ಸೇರಿ ಸಾಮಾನ್ಯವಾಗಿ 100ರಿಂದ 140 ಮೈಕ್ರಾನ್. ಅದರಲ್ಲಿ ಕ್ಲಿಯರ್ ಕೋಟ್ 35ರಿಂದ 50. ದಿನಪತ್ರಿಕೆಯ ಒಂದು ಹಾಳೆ ಸುಮಾರು 70 ಮೈಕ್ರಾನ್ ದಪ್ಪ ಇದೆ ಎಂದರೆ ಲೆಕ್ಕ ಹಾಕಿಕೊಳ್ಳಿ. ಕಾರಿನ ಹೊಳಪೆಲ್ಲ ಇರುವುದು ಆ ಅರ್ಧ ಹಾಳೆಯಷ್ಟು ಪದರದಲ್ಲಿ. ಬಿಸಿಲಿನ ಅತಿನೇರಳೆ ಕಿರಣವನ್ನು ಹೀರಿಕೊಳ್ಳುವ ರಾಸಾಯನಿಕ ಬೆರೆಸಿರುವುದೂ ಅಲ್ಲೇ. ಅದು ಸವೆದಂತೆಲ್ಲ ಒಳಗಿನ ಬಣ್ಣಕ್ಕೆ ಕೊಡೆ ಸರಿದಂತೆ.

ಅಂಬಾಸಿಡರ್, ಪದ್ಮಿನಿ ಕಾಲದ ಕಾರುಗಳಿಗೆ ಈ ಮೇಲುಪದರ ಇರಲಿಲ್ಲ. ಪಾಲಿಶ್ ಹಾಕಿದರೆ ಬಟ್ಟೆಗೆ ಬಣ್ಣವೇ ಹತ್ತುತ್ತಿತ್ತು. ಕೆಂಪು ಕಾರು ಬಿಸಿಲಿಗೆ ಸುಣ್ಣ ಬಳಿದಂತೆ ಮಂಕಾಗಿ, ತಿಕ್ಕಿದ ಕೂಡಲೇ ಮತ್ತೆ ಕೆಂಪಗಾಗುತ್ತಿತ್ತು. ಡ್ರೈವರುಗಳಿಗೆ ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸುವ ಚಾಳಿ ಅಂಟಿದ್ದು ಆಗಲೇ. ತಿಕ್ಕಿದಷ್ಟೂ ಹೊಳಪು ಎಂಬ ನಮ್ಮ ನಂಬಿಕೆಯೂ ಅಲ್ಲಿಂದಲೇ ಬಂದಿರಬೇಕು. ಇಂದಿನ ಕಾರನ್ನು ತಿಕ್ಕಿದರೆ ಬಟ್ಟೆಗೆ ಏನೂ ಹತ್ತುವುದಿಲ್ಲ. ಹೋಗುವುದು ಬಣ್ಣವಿಲ್ಲದ ಪದರವಾದ್ದರಿಂದ ಹೋದದ್ದೇ ತಿಳಿಯುವುದಿಲ್ಲ.

ಹಾಗಾಗಿ ನಾನು ಹೇಳುವುದು ಸೋಮಾರಿಯ ಸಲಹೆಯಂತೆ ಕೇಳಿಸಬಹುದು: ಕಾರನ್ನು ದಿನಾ ಒರೆಸಬೇಡಿ. ಧೂಳು ಕೂತಿದ್ದರೆ ಕೂತಿರಲಿ, ಸುಮ್ಮನೆ ಕೂತ ಧೂಳು ಗೀರು ಹಾಕುವುದಿಲ್ಲ, ಎಳೆದಾಡಿದರೆ ಹಾಕುತ್ತದೆ. ಗಾಜು, ಕನ್ನಡಿ, ದೀಪ, ನಂಬರ್ ಪ್ಲೇಟ್ ಒರೆಸಲಿ. ಬಾಡಿಯನ್ನು ವಾರಕ್ಕೋ ಹತ್ತು ದಿನಕ್ಕೋ ಒಮ್ಮೆ ಸರಿಯಾಗಿ ತೊಳೆದರೆ ಸಾಕು. ಒರೆಸುವ ಹುಡುಗನ ಸಂಬಳಕ್ಕೆ ಕತ್ತರಿ ಹಾಕಬೇಕಿಲ್ಲ. ಅದೇ ದುಡ್ಡಿಗೆ ವಾರಕ್ಕೊಂದು ಸಲ ನಿಧಾನವಾಗಿ ತೊಳೆಯಲು ಹೇಳಿ, ಬಟ್ಟೆ ನೀವೇ ಕೊಡಿ.

ತೊಳೆಯುವುದೆಂದರೆ ಮೊದಲು ಮುಟ್ಟದೆ ನೀರು ಹಾಯಿಸುವುದು. ನೆರಳಿನಲ್ಲಿ, ಬಾನೆಟ್ ತಣ್ಣಗಿರುವಾಗ, ಮೇಲಿನಿಂದ ಕೆಳಕ್ಕೆ. ಸಡಿಲವಾದ ಮಣ್ಣೆಲ್ಲ ನೀರಿನಲ್ಲೇ ಇಳಿದು ಹೋಗಬೇಕು. ಆಮೇಲೆ ಎರಡು ಬಕೆಟ್: ಒಂದರಲ್ಲಿ ಕಾರ್ ಶಾಂಪೂ, ಇನ್ನೊಂದರಲ್ಲಿ ಬರೀ ನೀರು. ಮೈಕ್ರೋಫೈಬರ್ ಮಿಟ್ ಅನ್ನು ಶಾಂಪೂವಿನಲ್ಲಿ ಅದ್ದಿ ಒಂದು ಬಾಗಿಲು ತೊಳೆದರೆ, ಬರೀ ನೀರಿನ ಬಕೆಟಿನಲ್ಲಿ ಜಾಲಾಡಿಸಿ ಹಿಂಡಿ, ಆಮೇಲಷ್ಟೇ ಮತ್ತೆ ಶಾಂಪೂವಿಗೆ. ಕೆಲಸ ಮುಗಿದ ಮೇಲೆ ಆ ಎರಡನೇ ಬಕೆಟಿನ ತಳದಲ್ಲಿ ಬೆರಳಾಡಿಸಿ. ರವೆಯಂತೆ ಸಿಗುವ ಮರಳು ಕಾರಿನ ಮೈಮೇಲೆ ಉಜ್ಜಿಸಿಕೊಳ್ಳಬೇಕಿದ್ದದ್ದು. ಮೊದಲು ಟಾಪು, ಗಾಜು, ಬಾನೆಟ್. ಬಾಗಿಲಿನ ಕೆಳಭಾಗ, ಬಂಪರ್ ಕೊನೆಗೆ. ಚಕ್ರಕ್ಕೆ ಬೇರೆಯದೇ ಬಟ್ಟೆ. ಪಾತ್ರೆ ತೊಳೆಯುವ ಲಿಕ್ವಿಡ್ ಬೇಡ, ಅದು ಜಿಡ್ಡಿನ ಜೊತೆ ವ್ಯಾಕ್ಸನ್ನೂ ಕಿತ್ತುಕೊಂಡು ಹೋಗುತ್ತದೆ. ಕೆಳಗೆ ಬಿದ್ದ ಬಟ್ಟೆಯನ್ನು ಕೊಡವಿ ಮತ್ತೆ ಬಳಸುವುದಂತೂ ಬೇಡವೇ ಬೇಡ, ಅದನ್ನು ಚಕ್ರಕ್ಕೆ ಇಟ್ಟುಬಿಡಿ. ಒಣಗಿಸುವಾಗ ದಪ್ಪ ಟವೆಲ್ ಹಾಸಿ, ನೀರು ಹೀರಿದ ಮೇಲೆ ಎತ್ತಿ, ಉಜ್ಜಬೇಡಿ. ಮೈಕ್ರೋಫೈಬರನ್ನು ಮನೆಯ ಬಟ್ಟೆಯ ಜೊತೆ ವಾಷಿಂಗ್ ಮೆಷಿನ್ನಿಗೆ ಹಾಕಿದರೆ ಹತ್ತಿಯ ಜುಂಜೆಲ್ಲ ಅಂಟಿಕೊಳ್ಳುತ್ತದೆ. ಕಂಫರ್ಟ್ ಥರದ ಸಾಫ್ಟ್‌ನರ್ ಹಾಕಿದರೆ ನೀರು ಹೀರುವ ಗುಣವೇ ಹೋಗುತ್ತದೆ.

ನೀರಿನ ಪ್ರಶ್ನೆ ಬಂತಲ್ಲ. 2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿ ಕುಡಿಯುವ ನೀರಿನಲ್ಲಿ ವಾಹನ ತೊಳೆಯುವುದನ್ನು ನಿಷೇಧಿಸಿ 5,000 ರೂಪಾಯಿ ದಂಡ ಗೊತ್ತುಮಾಡಿತು. ಆ ಬೇಸಿಗೆಯಲ್ಲಿ ಬಕೆಟ್ ಹಿಡಿದವರೆಲ್ಲ ಅಪರಾಧಿಗಳಂತೆ ಅತ್ತಿತ್ತ ನೋಡಿ ಕಾರು ತೊಳೆದರು. ಪೈಪ್ ಹಿಡಿದು ಹತ್ತು ನಿಮಿಷ ನಿಂತರೆ ನೂರು ಲೀಟರ್ ಸುಲಭವಾಗಿ ದಾಟುತ್ತದೆ. ಎರಡು ಬಕೆಟಿನ ಪದ್ಧತಿಯಲ್ಲಿ ಅದರ ಅರ್ಧಕ್ಕೂ ಕಡಿಮೆ ಸಾಕು. ರಿನ್ಸ್‌ಲೆಸ್ ಎಂಬ ಶಾಂಪೂಗಳೂ ಬಂದಿವೆ. ಅವುಗಳಲ್ಲಿರುವ ಪಾಲಿಮರ್ ಧೂಳಿನ ಕಣವನ್ನು ಸುತ್ತುವರಿದು ಜಾರುವಂತೆ ಮಾಡುತ್ತದೆ, ಮತ್ತೆ ನೀರು ಹುಯ್ಯುವ ಅಗತ್ಯವಿಲ್ಲ, ಒಂದೇ ಬಕೆಟಿನಲ್ಲಿ ಕೆಲಸ ಮುಗಿಯುತ್ತದೆ. ಕೆಸರು ಹತ್ತಿದ ಕಾರಿಗೆ ಇದು ಆಗದು, ಬರೀ ಧೂಳಿನ ಕಾರಿಗೆ ತುಂಬಾ ಒಳ್ಳೆಯದು.

ನೀರು ಉಳಿಸಲು ಹೋಗಿ ಹಲವರು ಆರ್‌ಒ ಯಂತ್ರದಿಂದ ಹೊರಬೀಳುವ ನೀರನ್ನು ಕಾರಿಗೆ ಹಿಡಿದಿಡುತ್ತಾರೆ. ಉದ್ದೇಶ ಒಳ್ಳೆಯದು. ಆದರೆ ಬೋರ್‌ವೆಲ್ ನೀರಿನ ಉಪ್ಪಿನಂಶವೆಲ್ಲ ಒತ್ತಟ್ಟಾಗಿ ಬರುವುದು ಅದರಲ್ಲೇ. ಬಾನೆಟ್ ಮೇಲೆ ಒಣಗಿದರೆ ಪ್ರತಿ ಹನಿಯೂ ಒಂದು ಬಿಳಿ ಉಂಗುರ ಬಿಟ್ಟು ಹೋಗುತ್ತದೆ; ಬಿಸಿಲಿನಲ್ಲಿ ಬೆಂದರೆ ಆ ಉಂಗುರ ಕ್ಲಿಯರ್ ಕೋಟನ್ನೇ ಕೊರೆಯುತ್ತದೆ. ಆ ನೀರನ್ನು ಮೊದಲ ಸುತ್ತಿಗೆ, ಚಕ್ರಕ್ಕೆ, ಮಡ್‌ಗಾರ್ಡಿನ ಒಳಗೆ ಬಳಸಿ. ಕೊನೆಯ ಸುತ್ತಿಗೆ ಸಂಪಿನಲ್ಲಿ ಹಿಡಿದ ಮಳೆನೀರಿಗಿಂತ ಒಳ್ಳೆಯದು ಇಲ್ಲ. ಎಸಿಯಿಂದ ತೊಟ್ಟಿಕ್ಕುವ ನೀರು ಕೂಡ ಮೆದುವೇ. ಬೇಸಿಗೆಯಲ್ಲಿ ಅದರಡಿ ಬಕೆಟ್ ಇಡುವವರನ್ನು ಜಿಪುಣರೆಂದು ನಗಬೇಡಿ. ಹೊಸದಾಗಿ ಕೂತ ಬಿಳಿ ಕಲೆಗೆ ಅಷ್ಟೇ ನೀರು ಬೆರೆಸಿದ ವಿನೆಗರ್ ಒತ್ತಿ, ಒಂದು ನಿಮಿಷ ಬಿಟ್ಟು ತೊಳೆದರೆ ಹೋಗುತ್ತದೆ.

ಬೇಸಿಗೆಯಲ್ಲಿ ಶತ್ರು ಮೇಲಿನಿಂದ ಬೀಳುತ್ತಾನೆ. ನೆರಳಿಗೆಂದು ಮರದಡಿ ನಿಲ್ಲಿಸುತ್ತೇವೆ, ಹಕ್ಕಿಗಳಿಗೂ ಅದೇ ಮರ ಬೇಕು. ಹಿಕ್ಕೆಯಲ್ಲಿ ಯೂರಿಕ್ ಆಮ್ಲವಿರುತ್ತದೆ. ಅದಕ್ಕಿಂತ ಕೆಟ್ಟದ್ದು, ಬಿಸಿಲಿಗೆ ಮೆತ್ತಗಾಗಿ ಹಿಗ್ಗಿದ ಕ್ಲಿಯರ್ ಕೋಟ್ ಸಂಜೆ ತಣಿಯುವಾಗ ಒಣಗಿ ಗಟ್ಟಿಯಾದ ಹಿಕ್ಕೆಯ ಆಕಾರಕ್ಕೇ ಅಚ್ಚು ಬೀಳುವುದು. ಹಾಗಾಗಿ ಭಾನುವಾರದವರೆಗೆ ಕಾಯಬೇಡಿ. ಉಗುರಿನಿಂದ ಕೆರೆಯಲೂಬೇಡಿ. ಒದ್ದೆ ಟಿಶ್ಯೂ ಹಾಸಿ ಐದು ನಿಮಿಷ ಬಿಟ್ಟರೆ ಇಡಿಯಾಗಿ ಎದ್ದು ಬರುತ್ತದೆ. ಹೆದ್ದಾರಿಯಲ್ಲಿ ರಾತ್ರಿ ಹೊಡೆದು ಬಂದಾಗ ಬಂಪರಿಗೆ ಅಂಟಿದ ಹುಳುಗಳಿಗೂ ಇದೇ ಮದ್ದು. ಇನ್ನು ಮಾವು ಹೂಬಿಡುವ ಕಾಲದಲ್ಲಿ ಮರದಡಿ ನಿಂತ ಕಾರಿನ ಮೇಲೆಲ್ಲ ಅಂಟಂಟು ಹನಿ. ಅದು ಮರದ ರಸವೆಂದು ಬೈಯುತ್ತೇವೆ, ಹೆಚ್ಚಾಗಿ ಜಿಗಿಹುಳು ಹೂಗೊಂಚಲಿನ ರಸ ಹೀರಿ ಹೊರಹಾಕಿದ ಸಿಹಿ ಅಂಟು ಅದು. ಬೆಚ್ಚಗಿನ ಶಾಂಪೂ ನೀರಿಗೆ ಕರಗುತ್ತದೆ, ಒಣಬಟ್ಟೆಗೆ ಜಗ್ಗುವುದಿಲ್ಲ.

ಮೇ ತಿಂಗಳ ಕೊನೆಯೊಳಗೆ ಒಂದು ಕೆಲಸ ಮುಗಿಸಿಬಿಡಬೇಕು: ವ್ಯಾಕ್ಸ್ ಇಲ್ಲವೇ ಸೀಲೆಂಟ್. ಕಾರ್ನೌಬಾ ವ್ಯಾಕ್ಸ್ ಬರುವುದು ಈಶಾನ್ಯ ಬ್ರೆಜಿಲ್ಲಿನ ಒಂದು ತಾಳೆಜಾತಿಯ ಮರದ ಎಲೆಯಿಂದ. ಆ ಒಣಸೀಮೆಯ ಬಿಸಿಲಿನಲ್ಲಿ ಎಲೆ ತನ್ನ ನೀರು ಹೋಗದಂತೆ ತಾನೇ ಮಾಡಿಕೊಂಡ ಲೇಪ. ಕಾರಿನ ಮೇಲೆ ಒಂದೆರಡು ತಿಂಗಳು ನಿಲ್ಲುತ್ತದೆ. ಸೀಲೆಂಟ್ ಕೃತಕ, ಹೊಳಪು ತುಸು ಕಡಿಮೆ, ಆದರೆ ಮಳೆಗಾಲವನ್ನು ಒಮ್ಮೆಗೇ ದಾಟಿಸುತ್ತದೆ. ನನ್ನ ಮತ ಸೀಲೆಂಟಿಗೆ. ಹಚ್ಚುವ ಮೊದಲು ತೊಳೆದ ಬಾನೆಟ್ ಮೇಲೆ ತೆಳು ಪ್ಲಾಸ್ಟಿಕ್ ಚೀಲದೊಳಗೆ ಕೈ ಹಾಕಿ ಸವರಿ ನೋಡಿ, ಮರಳು ಕಾಗದದಂತೆ ತರಿತರಿ ಎನ್ನಿಸಿದರೆ ಅಂಟಿದ ಕಣಗಳನ್ನು ಎತ್ತುವ ಕ್ಲೇ ಬಾರ್ ಬೇಕು. ಸಂಡೂರು, ಹೊಸಪೇಟೆಯ ಕಡೆ ಅದಿರು ಲಾರಿಗಳ ಹಿಂದೆ ಓಡಾಡಿದ ಕಾರಿಗೆ, ರೈಲು ಹಳಿಯ ಪಕ್ಕ ನಿಲ್ಲುವ ಕಾರಿಗೆ ಐರನ್ ರಿಮೂವರ್ ಸಿಂಪಡಿಸಿದರೆ ಕಬ್ಬಿಣದ ಕಣ ಕೂತಲ್ಲೆಲ್ಲ ದ್ರವ ನೇರಳೆಗೆ ತಿರುಗಿ ಸೋರುತ್ತದೆ. ಹೊಸ ಡಾಂಬರಿನ ಚುಕ್ಕೆಗಳಿಗೆ ಮಾತ್ರ ಹಳೇ ಡ್ರೈವರನ ಸೀಮೆಎಣ್ಣೆ ಸರಿಯೇ, ಚುಕ್ಕೆಯ ಮೇಲಷ್ಟೇ ಒತ್ತಿ ಕೂಡಲೇ ಶಾಂಪೂವಿನಲ್ಲಿ ತೊಳೆಯಬೇಕು.

ಮಳೆಗಾಲದಲ್ಲಿ ಮಲೆನಾಡಿನವರ ದೊಡ್ಡ ತಪ್ಪು ಕವರು. ತೀರ್ಥಹಳ್ಳಿಯಲ್ಲೋ ಸಾಗರದಲ್ಲೋ ಜೂನಿನಲ್ಲಿ ಮುಚ್ಚಿದ ಟಾರ್ಪಾಲನ್ನು ಆಗಸ್ಟಿನಲ್ಲಿ ತೆಗೆದರೆ ಒಳಗೆ ಬೂಷ್ಟು, ಬಣ್ಣದ ಮೇಲೆ ತೇವದ ಮಚ್ಚೆ. ಗಾಳಿಗೆ ಕವರು ಪಟಪಟನೆ ಬಡಿದರೆ ಅಡಿಯಲ್ಲಿ ಸಿಕ್ಕ ಧೂಳೆಲ್ಲ ಉಜ್ಜುಕಾಗದವಾಗುತ್ತದೆ. ಮಾಡು ಇದ್ದರೆ ಮಾಡಿನಡಿ ನಿಲ್ಲಿಸಿ, ಇಲ್ಲದಿದ್ದರೆ ಮಳೆಯಲ್ಲೇ ನಿಲ್ಲಲಿ. ಬಾಗಿಲಿನ ತಳದಲ್ಲಿರುವ ನೀರು ಹೋಗುವ ತೂತುಗಳು ಎಲೆ ಕಸದಿಂದ ಕಟ್ಟಿಕೊಂಡಿಲ್ಲವೇ ನೋಡಿ. ತುಕ್ಕು ಅಲ್ಲಿಂದ ಶುರು. ಕರಾವಳಿಯಲ್ಲಿ ಮಣ್ಣು ಕೆಂಪಾದರೆ ಗಾಳಿ ಉಪ್ಪು, ಅಡಿಭಾಗ ತೊಳೆಯದೆ ಮೇಲೆ ಎಷ್ಟು ಹೊಳೆಸಿದರೂ ಪ್ರಯೋಜನವಿಲ್ಲ.

ಆಮೇಲೆ ಆಯುಧಪೂಜೆ. ವರ್ಷವಿಡೀ ನೀರು ಕಾಣದ ಕಾರೂ ಆ ದಿನ ತೊಳೆಸಿಕೊಳ್ಳುತ್ತದೆ, ಅಂದೇ ಹೆಚ್ಚು ಗಾಯವನ್ನೂ ಮಾಡಿಕೊಳ್ಳುತ್ತದೆ. ಬಾಳೆಕಂದನ್ನು ಕನ್ನಡಿಗೂ ಬಂಪರಿಗೂ ಸೆಲೋಟೇಪಿನಿಂದ ಬಿಗಿದಿರುತ್ತಾರೆ. ಎಂದೋ ಗುದ್ದಿಸಿ ರೀಪೇಂಟ್ ಮಾಡಿಸಿದ ಭಾಗವಾದರೆ ಟೇಪಿನ ಜೊತೆ ಬಣ್ಣವೂ ಎದ್ದು ಬರುತ್ತದೆ. ಸೇವಂತಿಗೆ ಹಾರದ ತಂತಿಯ ತುದಿ ಬಾನೆಟ್ ಮೇಲೆ ಓಡಾಡಿ ಉದ್ದ ಗೀರು ಎಳೆಯುತ್ತದೆ, ದಾರಕ್ಕೆ ಕಟ್ಟಿದ ಹಾರ ಕೇಳಿ ಕೊಳ್ಳಿ. ಅರಿಸಿನ ಬಿಳಿ ಕಾರಿಗೆ ಹತ್ತಿತೆಂದು ಗಾಬರಿಯಾಗಿ ಸೋಪು ಹಾಕಿದರೆ ಅದು ಕೆಂಪಗಾಗುತ್ತದೆ, ಅಡುಗೆಮನೆಯಲ್ಲಿ ನೋಡಿದ್ದೇ. ಹೆದರಬೇಡಿ. ಅರಿಸಿನದ ಬಣ್ಣಕ್ಕೆ ಬಿಸಿಲು ಕಂಡರಾಗದು, ನಾಲ್ಕು ದಿನ ಹೊರಗೆ ನಿಂತರೆ ತಾನೇ ಮಾಯ. ಅಂಗಡಿ ಕುಂಕುಮ ಹಾಗಲ್ಲ, ಅದರಲ್ಲಿ ಈಗ ಕೃತಕ ಬಣ್ಣವೇ ಹೆಚ್ಚು. ಬೂದುಗುಂಬಳ ಒಡೆದಾಗ ಬಂಪರಿಗೆ ಸಿಡಿದ ಕೆಂಪುನೀರನ್ನು ಒಣಗುವ ಮೊದಲೇ ತೊಳೆಯಬೇಕು. ತಿಲಕವನ್ನು ಬಾನೆಟ್‌ಗೆ ಇಡುವ ಬದಲು ಗಾಜಿಗೆ ಇಟ್ಟರೆ ದೇವರಿಗೇನೂ ಬೇಸರವಾಗದು. ಒಣಗಿದ ಗಂಧವನ್ನು ಒಣಬಟ್ಟೆಯಲ್ಲಿ ಉಜ್ಜದೆ ನೆನೆಸಿ ತೆಗೆಯಿರಿ.

ಡಿಸೆಂಬರ್, ಜನವರಿಯಲ್ಲಿ ಇಬ್ಬನಿ ಬಿದ್ದ ಕಾರನ್ನು ನೀರು ಖರ್ಚಿಲ್ಲದೆ ತೊಳೆದಂತಾಯಿತೆಂದು ಒರೆಸುವವರಿದ್ದಾರೆ. ಇಬ್ಬನಿ ಧೂಳನ್ನು ಕಲಸುತ್ತದೆಯೇ ಹೊರತು ಹರಿದು ಹೋಗುವಷ್ಟು ನೀರು ಅದರಲ್ಲಿರುವುದಿಲ್ಲ. ವೈಪರ್ ಹಾಕಿ ಗಾಜು ನೋಡಿಕೊಂಡು ಹೊರಡಿ. ಪಾಲಿಶ್ ಮಾಡಿಸುವುದಿದ್ದರೆ ಮಾತ್ರ ಈ ತಿಂಗಳುಗಳೇ ಸರಿ, ಬಾಡಿ ತಣ್ಣಗಿರುತ್ತದೆ, ಪಾಲಿಶ್ ಬೇಗ ಒಣಗುವುದಿಲ್ಲ. ನಮ್ಮಲ್ಲಿ ಇದರ ಹೆಸರು ರಬ್ಬಿಂಗ್. ಪ್ರತಿ ಸರ್ವೀಸಿನ ಬಿಲ್ಲಿನಲ್ಲೂ ಒಂದು ಸಾಲು ಇರುತ್ತದೆ, ನಾವೂ ಸೇವೆಯೆಂದುಕೊಂಡು ಕೊಡುತ್ತೇವೆ. ರಬ್ಬಿಂಗ್ ಎಂದರೆ ಗೀರಿನ ಆಳಕ್ಕೆ ಸುತ್ತಲಿನ ಕ್ಲಿಯರ್ ಕೋಟನ್ನು ಸವೆಸುವುದು. ಹಗುರ ಪಾಲಿಶಿಗೆ ಒಂದು ಮೈಕ್ರಾನ್ ಆಸುಪಾಸು, ಒರಟು ಕಾಂಪೌಂಡಿಗೆ ಹಲವು. ವರ್ಷಕ್ಕೆರಡು ಸಲ ಹೀಗೆ ಮಾಡಿಸಿದವರ ಕಾರಿನ ಬಾನೆಟ್ ಅಂಚು, ಬಾಗಿಲಿನ ಮಡಿಕೆಗಳಲ್ಲಿ ಮೊದಲು ಬಿಳಿಚಿದ ಮಚ್ಚೆ ಕಾಣುತ್ತದೆ, ಅಂಚಿನಲ್ಲಿ ಪದರ ಮೊದಲೇ ತೆಳು. ಅಲ್ಲಿಂದಾಚೆಗೆ ರೀಪೇಂಟ್ ಒಂದೇ ದಾರಿ. ಮೂರು ನಾಲ್ಕು ವರ್ಷಕ್ಕೊಮ್ಮೆ, ಡ್ಯುಯಲ್ ಆಕ್ಷನ್ ಯಂತ್ರದಲ್ಲಿ, ಅತಿ ನಯವಾದ ಪಾಲಿಶಿನಿಂದ ಮಾಡಿಸಿದರೆ ಬೇಕಾದಷ್ಟಾಯಿತು. ಬೆರಳಿಗೆ ಸಿಗುವ ಆಳದ ಗೀರನ್ನು ಅದರ ಪಾಡಿಗೆ ಬಿಡಿ.

ಷೋರೂಮಿನಲ್ಲಿ ಟೆಫ್ಲಾನ್ ಕೋಟಿಂಗ್ ಎಂದು ಮಾರುವುದಕ್ಕೆ ನಾನು ಒಂದು ರೂಪಾಯಿಯನ್ನೂ ಕೊಡುವುದಿಲ್ಲ. ದೋಸೆ ಹೆಂಚಿಗೆ ಟೆಫ್ಲಾನ್ ಹಿಡಿಯಬೇಕಾದರೆ ಮುನ್ನೂರು ಡಿಗ್ರಿ ಮೀರಿದ ಕಾವು ಬೇಕು, ಕಾರಿನ ಮೇಲೆ ಅದು ಬರೀ ಒಂದು ಸೀಲೆಂಟ್. ಸೆರಾಮಿಕ್ ಕೋಟಿಂಗ್ ನಿಜಕ್ಕೂ ಕೆಲಸದ್ದು, ಸಿಲಿಕಾ ಆಧಾರದ ಗಟ್ಟಿ ಪೊರೆ, ವರ್ಷಗಟ್ಟಲೆ ನಿಲ್ಲುತ್ತದೆ, ಹಿಕ್ಕೆ ಬೇಗ ಕಚ್ಚುವುದಿಲ್ಲ. ಆದರೆ ಅದರ ಡಬ್ಬಿಯ ಮೇಲಿನ 9ಎಚ್ ಎಂಬುದು ಪೆನ್ಸಿಲ್ ಗೀಚಿ ನೋಡುವ ಪರೀಕ್ಷೆಯ ಅಂಕ, ವಜ್ರ ಹತ್ತಾದರೆ ಇದು ಒಂಬತ್ತು ಎಂದು ಅಂಗಡಿಯವ ಹೇಳಿದರೆ ನಂಬಬೇಡಿ. ಬೆಣಚುಕಲ್ಲಿನ ಪುಡಿ ಅದನ್ನೂ ಗೀರುತ್ತದೆ. ನೀರು ದುಂಡು ಹನಿಯಾಗಿ ನಿಲ್ಲುವುದರಿಂದ ಬೋರ್‌ವೆಲ್ ನೀರಿನ ಬಿಳಿ ಉಂಗುರ ಇನ್ನೂ ಚೆನ್ನಾಗಿ ಕೂರುತ್ತದೆ. ಕಲ್ಲೇಟು, ಗೀರು ತಡೆಯುವುದು ಪಿಪಿಎಫ್ (ಪೇಂಟ್ ಪ್ರೊಟೆಕ್ಷನ್ ಫಿಲ್ಮ್) ಮಾತ್ರ, 150ರಿಂದ 200 ಮೈಕ್ರಾನ್ ದಪ್ಪದ ಪಾಲಿಯುರಿಥೇನ್ ಹಾಳೆ. ಸಣ್ಣ ಗೀರುಗಳು ಬಿಸಿಲಿಗೆ ತಾನೇ ಮುಚ್ಚಿಕೊಳ್ಳುತ್ತವೆ. ಬೆಲೆ ಕೇಳಿದರೆ ಎದೆ ಧಸಕ್ಕೆನ್ನುತ್ತದೆ, ಹೆದ್ದಾರಿಯಲ್ಲಿ ಜಾಸ್ತಿ ಓಡುವವರು ಬಂಪರ್, ಬಾನೆಟ್‌ಗೆ ಮಾತ್ರ ಹಾಕಿಸಿಕೊಳ್ಳಬಹುದು. ಅಡ್ವಾನ್ಸ್ ಕೊಡುವ ಮೊದಲು ಅಂಗಡಿಯವನಿಗೆ ಎರಡು ವಸ್ತು ತೋರಿಸಲು ಹೇಳಿ: ಬಣ್ಣದ ದಪ್ಪ ಅಳೆಯುವ ಮೀಟರ್, ಮತ್ತು ಅವನು ಕಾರು ಒಣಗಿಸುವ ಟವೆಲ್. ಮೀಟರ್ ಇಲ್ಲದಿದ್ದರೆ, ಟವೆಲ್ ನೆಲದ ಮೇಲೆ ಬಿದ್ದಿದ್ದರೆ, ಟೀ ಕುಡಿದು ವಾಪಸ್ ಬನ್ನಿ.