ನೊರೆಯ ಕೆಳಗೆ ಕೋಲಾರ ಎಷ್ಟು?

ಬಹುಕಾಲದ ಮೇಲೆ ಸಿಕ್ಕ ಗೆಳೆಯರಿಬ್ಬರು ಇಂದಿರಾನಗರದ ಮೈಕ್ರೊಬ್ರೂವರಿಗಳನ್ನು ಒಂದೊಂದಾಗಿ ಸುತ್ತಿ ಸಂಜೆ ಕಳೆಯುವುದು ಬೆಂಗಳೂರಿನಲ್ಲಿ ಈಗ ಹೊಸದೇನಲ್ಲ. ಅಲ್ಲೇ ಕುದಿಸಿ, ಅಲ್ಲೇ ಹುದುಗಿಸಿದ್ದು ಎಂಬುದೇ ಆ ಬಿಯರಿನ ಹೆಗ್ಗಳಿಕೆ. ಆದರೆ ಆ ಲೋಟದಲ್ಲಿ ಈ ಸೀಮೆಯದು ಏನಿದೆ? ನಮ್ಮ ದೇಶದ ಬಾರ್ಲಿಯಲ್ಲಿ ಹೆಚ್ಚಿನ ಪಾಲು ರಾಜಸ್ಥಾನದ ಕಡೆಯದು. ಕಹಿ ಕೊಡುವ ಹಾಪ್ಸ್ ಹೂವು ಜರ್ಮನಿ, ಅಮೆರಿಕಗಳಿಂದ ಬರುತ್ತದೆ. ಇಂದಿರಾನಗರದಿಂದ ಪೂರ್ವಕ್ಕೆ ಒಂದೆರಡು ತಾಸು ಪ್ರಯಾಣಿಸಿದರೆ, ಮಳೆಯನ್ನೇ ನೆಚ್ಚಿದ ರಾಗಿ ಹೊಲಗಳ ಕೋಲಾರ ಸೀಮೆ. ಆ ರಾಗಿಗೆ ಈ ಲೋಟದಲ್ಲಿ ಪಾಲು ಸಿಗಬೇಕು. ಅದಕ್ಕಾಗಿ ಕೋಲಾರಕ್ಕೆ ಬೇಕಾದ್ದು ಬ್ರೂವರಿಯಲ್ಲ, ರಾಗಿಯನ್ನು ಮೊಳಕೆ ಬರಿಸಿ ಮಾಲ್ಟ್ ಮಾಡುವ ಘಟಕ.

ಇದು ಅಪರಿಚಿತ ವಿದ್ಯೆಯೇನಲ್ಲ. ಮಗುವಿಗೆ ಸರಿ ಮಾಡಲು ರಾಗಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿ, ಮೊಳಕೆ ಬಂದ ಮೇಲೆ ಒಣಗಿಸಿ ಬೀಸುವುದು ಪ್ರತಿ ಅಜ್ಜಿಗೂ ಗೊತ್ತು. ಮೊಳೆಯುವ ಕಾಳಿನಲ್ಲಿ ಪಿಷ್ಟವನ್ನು ಸಕ್ಕರೆಯಾಗಿ ಒಡೆಯುವ ಕಿಣ್ವಗಳು ಹುಟ್ಟುತ್ತವೆ. ಆ ಸಕ್ಕರೆಯನ್ನು ಯೀಸ್ಟ್ ತಿಂದು ಮದ್ಯವಾಗಿಸುತ್ತದೆ. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನ ವಿಜ್ಞಾನಿಗಳು ದಶಕಗಳ ಹಿಂದೆಯೇ ರಾಗಿ ಮಾಲ್ಟನ್ನು ಅಧ್ಯಯನ ಮಾಡಿ, ಸಿರಿಧಾನ್ಯಗಳ ನಡುವೆ ಅದರ ಕಿಣ್ವಬಲ ಮೇಲು ಎಂದು ತೋರಿಸಿದರು. ಸಿಕ್ಕಿಮಿನ ತೊಂಗ್ಬಾ, ಉಗಾಂಡದ ಮಾಲ್ವಾ ಎಂಬ ಹುದುಗಿಸಿದ ಪಾನೀಯಗಳೆರಡಕ್ಕೂ ರಾಗಿಯೇ ಆಧಾರ. ಹುಳಿ ಬರಿಸುವುದಂತೂ ಮುಳಬಾಗಿಲು ದೋಸೆಯ ಸೀಮೆಗೆ ಕಲಿಸಬೇಕಾದ ಪಾಠವಲ್ಲ. ತೊಡಕು ಇರುವುದು ಬೇರೆಡೆ: ರಾಗಿಗೆ ಬಾರ್ಲಿಯಂಥ ದಪ್ಪ ಸಿಪ್ಪೆಯಿಲ್ಲ, ಹಾಗಾಗಿ ರಸ ಸೋಸುವಾಗ ಗಂಟು ಕಟ್ಟುತ್ತದೆ, ಅದರ ಪಿಷ್ಟ ಬೇಯಲು ಹೆಚ್ಚು ಶಾಖ ಬೇಕು. ಬಾರ್ಲಿಯೊಡನೆ ಬೆರೆಸಿದರೆ ಈ ಕಷ್ಟ ನೀಗುತ್ತದೆ. ಆದರೆ ಒಂದು ಎಚ್ಚರ: ಮನೆಯಲ್ಲಿ ಘಮಕ್ಕಾಗಿ ಹುರಿಯುತ್ತೇವಲ್ಲ, ಆ ಬಿಸಿಗೆ ಕಿಣ್ವ ಸಾಯುತ್ತದೆ. ಬಿಯರಿಗಾದರೆ ಹದವಾಗಿ ಒಣಗಿಸಬೇಕು. ಘಟಕ ಬೇಕಾಗುವುದು ಇಂಥ ಹದಕ್ಕೇ.

ಆ ಘಟಕ ಕೋಲಾರದಲ್ಲೇ ಏಕೆ? ಕಾಳನ್ನು ಕಾಳಾಗಿಯೇ, ಹಣ್ಣನ್ನು ಹಣ್ಣಾಗಿಯೇ ಮಾರುವ ಊರು ಬೇರೆಯವರ ಮರ್ಜಿಗೆ ಕಾಯಬೇಕಾಗುತ್ತದೆ. ಕೋಲಾರ ಜಿಲ್ಲೆಯದೇ ಆದ ಶ್ರೀನಿವಾಸಪುರದ ಮಾವು ಇದಕ್ಕೆ ಸಾಕ್ಷಿ. ಇಲ್ಲಿನ ತೋತಾಪುರಿ ತಿರುಳಿಗಾಗಿ ಆಂಧ್ರದ ಚಿತ್ತೂರಿನ ಕಾರ್ಖಾನೆಗಳನ್ನು ನೆಚ್ಚಿದೆ. 2025ರ ಜೂನ್‌ನಲ್ಲಿ ಚಿತ್ತೂರು ಜಿಲ್ಲಾಡಳಿತ ಹೊರರಾಜ್ಯದ ತೋತಾಪುರಿಯನ್ನು ತಡೆದಾಗ ಮುಖ್ಯಮಂತ್ರಿ ಸಿದ್ದರಾಮಯ್ಯನವರೇ ಚಂದ್ರಬಾಬು ನಾಯ್ಡು ಅವರಿಗೆ ಪತ್ರ ಬರೆಯಬೇಕಾಯಿತು. ರಾಗಿಗೆ ಬೆಂಬಲ ಬೆಲೆಯ ಆಸರೆಯಿದೆ, 2025-26ಕ್ಕೆ ಕ್ವಿಂಟಲ್‌ಗೆ 4,886 ರೂಪಾಯಿ. ಆದರೆ ಅದೂ ಕಾಳಿನ ಬೆಲೆಯೇ, ಕೆಲಸದ ಕೂಲಿಯಲ್ಲ.

ಬರದ ನಾಡಿನಲ್ಲಿ ನೀರು ಕುಡಿಯುವ ಉದ್ಯಮವೇಕೆ ಎಂಬ ಆಕ್ಷೇಪ ನ್ಯಾಯವಾದದ್ದು. ಒಂದು ಲೀಟರ್ ಬಿಯರಿಗೆ ಹಲವು ಲೀಟರ್ ನೀರು ಬೇಕು. ಕೋಲಾರವಾದರೋ 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿತ ಕೊಳಚೆ ನೀರನ್ನು ಕೆರೆಗೆ ತುಂಬಿಸಿಕೊಂಡು ಅಂತರ್ಜಲ ಕಾಪಾಡಿಕೊಳ್ಳುತ್ತಿರುವ ಜಿಲ್ಲೆ. ಬ್ರೂವರಿ ಬೇಡ ಎನ್ನುವುದು ಇದಕ್ಕೇ: ಕುದಿಸುವುದು, ತೊಳೆಯುವುದು ಕುಡಿಯುವ ಊರಿನಲ್ಲೇ ಆಗಲಿ. ಕಾಳು ನೆನೆಸಲೂ ನೀರು ಬೇಕು, ನಿಜ. ಅದನ್ನು ಅಳೆದೇ ಘಟಕದ ಗಾತ್ರ ಗೊತ್ತುಮಾಡಬೇಕು. ಇನ್ನು, 2007ರ ಜುಲೈ 1ರಂದು ಸಾರಾಯಿ ನಿಲ್ಲಿಸಿದ ರಾಜ್ಯದಲ್ಲಿ ಅನ್ನದ ಕಾಳನ್ನು ಹೆಂಡಕ್ಕೆ ಹಾಕುವುದೇ ಎಂಬ ಪ್ರಶ್ನೆ. ಕುಡಿತ ಮುರಿದ ಮನೆಗಳನ್ನು ಕಂಡವರ ಈ ಮಾತನ್ನು ತಳ್ಳಿಹಾಕಲಾಗದು. ಆದರೆ ನಗರದ ಬಾರ್ಲಿ ಲೋಟಕ್ಕೆ ರಾಗಿ ಸೇರಿದರೆ ಹಳ್ಳಿಯಲ್ಲಿ ಹೊಸ ಅಂಗಡಿ ತೆರೆಯುವುದಿಲ್ಲ. ಮಾಲ್ಟಿನಲ್ಲಿ ಮದ್ಯವೂ ಇಲ್ಲ. ಬಿಯರಿನ ಶೋಕಿ ನಾಳೆ ಇಳಿದರೆ ಅದೇ ಘಟಕ, ಅದೇ ಮೊಳಕೆ ರಾಗಿಯನ್ನು ಹುರಿದು ಮಗುವಿನ ಸರಿಗೆ ಕಳಿಸಬಹುದು. ಬ್ರೂವರಿಗೆ ಆ ಅನುಕೂಲವಿಲ್ಲ.